ಅಪ್‌ಡೇಟ್: ಅಂತೂ ನೈಟ್ರೈಟ್ ಸೊನ್ನೆ!

ಅಕ್ವೇರಿಯಂಗೆ ಮೀನು ಬಿಡುವ ಮೊದಲು, ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಬೆಳೆಸಬೇಕು. ಅದಕ್ಕೆ ಮೀನಿಲ್ಲದ ಹೊಸ ಟ್ಯಾಂಕಿಗೆ ಅಮೋನಿಯಾ ಹಾಕಿದ್ದೆ, ಮೂರು ವಾರವಾದರೂ ಅದು 2 ಪಿಪಿಎಂನಿಂದ (ಹತ್ತು ಲಕ್ಷಕ್ಕೆ 2 ಭಾಗ) ಇಳಿಯುತ್ತಿಲ್ಲ ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಸಮಸ್ಯೆ ಇದ್ದದ್ದು ಬಾವಿ ನೀರಿನಲ್ಲೇ. ಉಡುಪಿಯ ಮುರಕಲ್ಲಿನ ಬಾವಿ, ನೀರು ತುಂಬಾ ಮೆದು. ಕೆಎಚ್ (ಪಿಎಚ್ ಬೀಳದಂತೆ ತಡೆಯುವ ಕಾರ್ಬೊನೇಟ್) ಟೆಸ್ಟ್‌ನಲ್ಲಿ ಮೊದಲ ಹನಿಗೇ ಹಳದಿ ಬಂತು, ನೀಲಿ ಕಾಣಲೇ ಇಲ್ಲ, ಅಂದರೆ ಕೆಎಚ್ ಬಹುತೇಕ ಇಲ್ಲ. ಪಿಎಚ್ ನೋಡಿದರೆ ಕಾರ್ಡಿನ ಅತಿ ಕಡಿಮೆಯ ಬಣ್ಣ, 6. ಅಷ್ಟು ಹುಳಿ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ.

ನೀವು ಹೇಳಿದಂತೆ ಮಲ್ಪೆ ಕಡಲತೀರದ ಚಿಪ್ಪು ತೊಳೆದು, ಕುಟ್ಟಿ, ಬಲೆ ಚೀಲದಲ್ಲಿ ಫಿಲ್ಟರ್‌ಗೆ ಹಾಕಿದೆ; ಅದರ ಸುಣ್ಣ ನಿಧಾನವಾಗಿ ಕರಗಿ ಹುಳಿ ಇಳಿಸುತ್ತದೆ. ವಾರದಲ್ಲಿ ಪಿಎಚ್ 7.2. ಆಮೇಲೆ ನೈಟ್ರೈಟ್ ಟೆಸ್ಟಿನ ಬಣ್ಣ ಕಡು ನೇರಳೆಗೆ ಏರಿ, ಹತ್ತು ದಿನ ಅಲ್ಲಾಡಲಿಲ್ಲ. ಸಾಕಾಗಿ ಹೋಗಿತ್ತು!

ಈಗ 2 ಪಿಪಿಎಂ ಅಮೋನಿಯಾ ಹಾಕಿದರೆ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ 0. ನೈಟ್ರೇಟ್ 40 ಪಿಪಿಎಂ ಇತ್ತು, ಅದನ್ನು ಇಳಿಸಲು ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿದೆ. ಭಾನುವಾರ ಆರು ಗಪ್ಪಿ ಬರುತ್ತವೆ. ಅಮ್ಮ ಮಾತ್ರ ಇನ್ನೂ, "ಖಾಲಿ ನೀರಿಗೆ ಸುಮ್ನೆ ಕರೆಂಟ್ ಸುಡ್ತಾನೆ" ಅನ್ನುತ್ತಿದ್ದಾರೆ.