ಸಿಗರೇಟು ಬಿಡುತ್ತಿರುವವರ ಜೊತೆ ಮನೆಯವರು ಹೇಗಿರಬೇಕು?

ಪ್ರಶ್ನೆ: ಗೃಹಿಣಿ, ರಾಜಾಜಿನಗರ

ನಮ್ಮ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದಾರೆ. ವಯಸ್ಸು 42. ಕಾಲೇಜಿನ ದಿನಗಳಲ್ಲಿ ಹತ್ತಿದ ಸಿಗರೇಟು ಈಗ ದಿನಕ್ಕೊಂದು ಪ್ಯಾಕಿಗೆ ಬಂದು ನಿಂತಿದೆ. ಬರುವ ತಿಂಗಳ ಒಂದನೇ ತಾರೀಖಿನಿಂದ ಪೂರ್ತಿ ಬಿಡುತ್ತೇನೆಂದು, ಯಾರ ಒತ್ತಾಯವೂ ಇಲ್ಲದೆ, ಅವರೇ ಹೇಳಿದ್ದಾರೆ. ಹಿಂದೊಮ್ಮೆ ಬಿಟ್ಟಾಗ ಸಿಡುಕು ವಿಪರೀತವಾಗಿ, ಮನೆಯಲ್ಲಿ ಮಾತಿಗೆ ಮಾತು ಬೆಳೆದು, ವಾರ ಕಳೆಯುವುದರೊಳಗೆ ಮತ್ತೆ ಶುರು ಮಾಡಿದ್ದರು. ಅತ್ತೆಯವರು ಈ ಸಲ ನಮ್ಮ ಮಗಳ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸಬೇಕೆನ್ನುತ್ತಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಬಿಟ್ಟವರು, ಬಿಟ್ಟವರ ಜೊತೆಗಿದ್ದವರು, ಏನು ಮಾಡಿದರೆ ನೆರವಾಗುತ್ತದೆ, ಏನು ಮಾಡಿದರೆ ಕೆಡುತ್ತದೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ನಿಕೋಟಿನ್ ಗಮ್ ಬಗ್ಗೆಯೂ ಹೇಳಿ.

ಉತ್ತರ: ಬ್ಯಾಂಕ್ ಉದ್ಯೋಗಿ, ವಿಜಯನಗರ

ಮೇಡಂ, ನಾನು ಸೇದಿ ಬಿಟ್ಟವನು, ಆದ್ದರಿಂದ ಬಿಡುವವನ ಕಡೆಯಿಂದ ಹೇಳುತ್ತೇನೆ. ಆ ಸಿಡುಕು ನಿಮ್ಮ ಮೇಲಿನದಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತೆಗೆದುಕೊಳ್ಳಿ. ನಿಕೋಟಿನ್ ನಿಂತ ಮೇಲೆ ಅದಕ್ಕಾಗಿ ಮೈ ಹಾತೊರೆಯುವ ಕಾಟ ಎರಡು-ಮೂರನೆಯ ದಿನಕ್ಕೆ ತಾರಕಕ್ಕೇರಿ, ಅನಂತರ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ನಿದ್ದೆ ಕೆಡುತ್ತದೆ, ಕೆಲಸದ ಮೇಲೆ ಗಮನ ನಿಲ್ಲುವುದಿಲ್ಲ, ಹಸಿವು ಹೆಚ್ಚುತ್ತದೆ, ಕೆಲವರಿಗೆ ಬಾಯಿಹುಣ್ಣೂ ಆಗುತ್ತದೆ. ಇದೆಲ್ಲ ಬರುತ್ತದೆ ಎಂದು ಅತ್ತೆಯವರಿಗೂ ಮಗಳಿಗೂ ಮೊದಲೇ ಗೊತ್ತಿದ್ದರೆ ಅರ್ಧ ಜಗಳ ತಾನಾಗಿಯೇ ತಪ್ಪುತ್ತದೆ. ಸೈಟಿನ ಕಂತು, ನೆಂಟರ ಮುನಿಸು, ಮಗಳ ಅಂಕಪಟ್ಟಿ ಇವುಗಳಲ್ಲಿ ಯಾವುದನ್ನು ಮುಂದಕ್ಕೆ ಹಾಕಬಹುದೋ ಅದನ್ನು ಎರಡು ವಾರ ಮುಂದಕ್ಕೆ ಹಾಕಿ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ತೊಂದರೆಯಿದೆ. ಬೆಳಿಗ್ಗೆ ಸಿಗರೇಟು ಹಚ್ಚದೆ ಹೊಟ್ಟೆ ಸಡಿಲವಾಗುವುದಿಲ್ಲ ಎಂಬುದು ಬಹಳ ಜನ ಸೇದುವವರ ಅನುಭವ, ಮತ್ತು ಅದು ಬರೀ ನೆಪವಲ್ಲ. ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ನಿಜವಾಗಿಯೂ ಕಾಡುತ್ತದೆ. ಹೆಚ್ಚು ನೀರು, ಪರಂಗಿ ಹಣ್ಣು, ಸೊಪ್ಪಿನ ಪಲ್ಯ ಇವುಗಳನ್ನು ಒಂದನೇ ತಾರೀಖಿಗಿಂತ ಮೊದಲೇ ಊಟದಲ್ಲಿ ರೂಢಿ ಮಾಡಿಸಿದರೆ ಮುಂಜಾನೆಯ ಆ ಮೊದಲ ಸಿಗರೇಟಿನ ಬಲ ಅರ್ಧ ಕುಗ್ಗುತ್ತದೆ.

ಬೆಂಗಳೂರಿನವರು ಮುಖ್ಯವಾಗಿ ಗಮನಿಸಬೇಕಾದದ್ದು ಕಾಫಿಯನ್ನು. ಹೊಗೆಯಲ್ಲಿರುವ ಟಾರಿನ ಅಂಶಗಳು, ಪಿತ್ತಜನಕಾಂಗದಲ್ಲಿ ಕೆಫೀನನ್ನು ಒಡೆಯುವ ಕಿಣ್ವವನ್ನು ಚುರುಕುಗೊಳಿಸಿರುತ್ತವೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಆ ಚುರುಕು ಇಳಿಯುವುದರಿಂದ, ದಿನವೂ ಕುಡಿಯುತ್ತಿದ್ದಷ್ಟೇ ಕಾಫಿ ಕುಡಿದರೂ ಕೆಫೀನ್ ರಕ್ತದಲ್ಲಿ ಮೊದಲಿಗಿಂತ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಡವಗುಟ್ಟುವುದು, ಕೈ ನಡುಗುವುದು, ರಾತ್ರಿ ಎರಡು ಗಂಟೆಯವರೆಗೂ ಕಣ್ಣು ಮುಚ್ಚದಿರುವುದು ಇವುಗಳಲ್ಲಿ ಒಂದು ಪಾಲು ಕಾಫಿಯದ್ದು. ಅದು ತಿಳಿಯದೆ ‘ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯಿತು’ ಎಂದು ಮತ್ತೆ ಹಚ್ಚಿಕೊಳ್ಳುವವರಿದ್ದಾರೆ. ಕಾಫಿಯನ್ನು ಅರ್ಧಕ್ಕೆ ಇಳಿಸಬೇಕು. ನನ್ನ ಹೆಂಡತಿ ಡಿಕಾಕ್ಷನ್ ತೆಳ್ಳಗೆ ಮಾಡಿ ಹಾಲು ಹೆಚ್ಚಿಸಿದಳು, ಅದನ್ನು ನನಗೆ ಹೇಳದೆಯೇ ಮಾಡಿದಳು. ಹೇಳಿದ್ದರೆ ನಾನು ಖಂಡಿತ ಒಪ್ಪುತ್ತಿರಲಿಲ್ಲ.

ದರ್ಶಿನಿಯ ಕಾಫಿಯನ್ನಂತೂ ಕೆಲವು ತಿಂಗಳು ಪೂರ್ತಿ ಬಿಡುವುದು ಮೇಲು. ನಮ್ಮ ಶಾಖೆಯ ಎದುರಿನ ದರ್ಶಿನಿಗೆ ಅಂಟಿಕೊಂಡೇ ಒಂದು ಬೀಡಾ ಅಂಗಡಿ ಇದೆ. ಬಿಡಿ ಸಿಗರೇಟು ಮಾರಬಾರದೆಂಬ ನಿಯಮ ರಾಜ್ಯದಲ್ಲಿದ್ದರೂ ಅಲ್ಲಿ ಬಿಡಿಯಾಗಿಯೇ ಮಾರುತ್ತಾರೆ, ಲೈಟರನ್ನು ದಾರ ಕಟ್ಟಿ ನೇತುಹಾಕಿರುತ್ತಾರೆ. ಬಲಗೈಯಲ್ಲಿ ಲೋಟ ಹಿಡಿದ ಕೂಡಲೇ ಎಡಗೈ ಚಿಲ್ಲರೆ ಹುಡುಕತೊಡಗುತ್ತದೆ. ಅದನ್ನು ತಡೆಯುವ ಸಂಕಲ್ಪಶಕ್ತಿ ನನ್ನಲ್ಲಿರಲಿಲ್ಲ, ಆದ್ದರಿಂದ ದಾರಿಯನ್ನೇ ಬದಲಿಸಿಕೊಂಡೆ. ಚಪಲ ಎದ್ದರೆ ಅದು ಕೆಲವು ನಿಮಿಷಗಳಷ್ಟೇ ಇರುತ್ತದೆ. ಅಷ್ಟು ಹೊತ್ತು ಬಾಯಲ್ಲಿ ಸೋಂಪು, ಲವಂಗ, ಒಣಗಿಸಿದ ನೆಲ್ಲಿಕಾಯಿ ಏನಾದರೂ ಇರಲಿ. ಅಡಿಕೆ ಮಾತ್ರ ಬೇಡ, ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುವಂಥದ್ದು.

ಉತ್ತರ: ಔಷಧಿ ಅಂಗಡಿಯವರು, ಬಸವನಗುಡಿ

ಗಮ್ ಬಗ್ಗೆ ಕೇಳಿದ್ದೀರಿ. ನಮ್ಮ ಅಂಗಡಿಯಿಂದ ಕೊಂಡುಹೋದವರಲ್ಲಿ ‘ಇದು ಕೆಲಸ ಮಾಡುವುದಿಲ್ಲ ಸಾರ್, ಬರೀ ಬಿಕ್ಕಳಿಕೆ, ಎದೆಯುರಿ’ ಎಂದು ದೂರಿದವರ ಪೈಕಿ ಹೆಚ್ಚಿನವರು ಅದನ್ನು ಮಕ್ಕಳ ಬಬಲ್‌ಗಮ್‌ನಂತೆ ಒಂದೇ ಸಮನೆ ಅಗಿದವರು. ಹಾಗೆ ಅಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗಿಳಿದು ಉರಿ ಎಬ್ಬಿಸುತ್ತದೆಯೇ ಹೊರತು ಚಪಲ ತಗ್ಗಿಸುವುದಿಲ್ಲ, ಏಕೆಂದರೆ ಅದು ರಕ್ತಕ್ಕೆ ಸೇರಬೇಕಾದದ್ದು ಕೆನ್ನೆಯ ಒಳಚರ್ಮದ ಮೂಲಕ. ನಿಧಾನವಾಗಿ ಕೆಲವು ಸಲ ಅಗಿದಾಗ ಖಾರವೋ ಚುರುಚುರು ಎನ್ನುವುದೋ ತಿಳಿಯುತ್ತದೆ. ಆಗ ಅಗಿಯುವುದನ್ನು ನಿಲ್ಲಿಸಿ ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿ ಇಟ್ಟುಕೊಳ್ಳಬೇಕು. ಚುರುಚುರು ತಗ್ಗಿದ ಮೇಲೆ ಮತ್ತೆ ಅಗಿದು ಇನ್ನೊಂದು ಕಡೆ ಇಡಬೇಕು. ಹೀಗೆ ಒಂದು ಗಮ್ ಸುಮಾರು ಅರ್ಧ ಗಂಟೆ ಬರುತ್ತದೆ. ಬಾಯಿಗೆ ಹಾಕುವ ಮುಂಚಿನ 15 ನಿಮಿಷ ಮತ್ತು ಬಾಯಲ್ಲಿರುವಷ್ಟು ಹೊತ್ತು ಕಾಫಿ, ಹಣ್ಣಿನ ರಸ, ಸೋಡಾ ಕುಡಿಯಬಾರದು, ಏಕೆಂದರೆ ಆ ಹುಳಿ ಅಂಶ ನಿಕೋಟಿನ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ವಿಜಯನಗರದವರು ಕಾಫಿ ಕಡಿಮೆ ಮಾಡಿ ಎಂದದ್ದಕ್ಕೆ ಇದು ಇನ್ನೊಂದು ಕಾರಣ.

ಎರಡು ಮಿಲಿಗ್ರಾಂ ಮತ್ತು ನಾಲ್ಕು ಮಿಲಿಗ್ರಾಂ ಎಂದು ಎರಡು ಬಗೆಯಿದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ ನಾಲ್ಕು ಮಿಲಿಗ್ರಾಂ ಬೇಕಾಗುತ್ತದೆ, ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಚಪಲ ಹತ್ತಿದಾಗಷ್ಟೇ ಅಲ್ಲ, ಮೊದಲ ವಾರಗಳಲ್ಲಿ ಒಂದೆರಡು ಗಂಟೆಗೊಮ್ಮೆ ಹೊತ್ತು ನೋಡಿ ಬಳಸಿ, ಸುಮಾರು ಮೂರು ತಿಂಗಳಲ್ಲಿ ಕ್ರಮೇಣ ಇಳಿಸುತ್ತ ಬರುವುದು ಪದ್ಧತಿ. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ, ಅವು ವೈದ್ಯರ ಚೀಟಿಯಿಲ್ಲದೆ ಸಿಗುವಂಥವಲ್ಲ. ನಿಮ್ಮ ಯಜಮಾನರು ಆಸ್ತಮಾಕ್ಕೆ ಥಿಯೋಫಿಲಿನ್ ತೆಗೆದುಕೊಳ್ಳುತ್ತಿದ್ದರೆ ಅಥವಾ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ, ಸಿಗರೇಟು ನಿಂತ ಮೇಲೆ ಪ್ರಮಾಣ ಬದಲಿಸಬೇಕಾಗಬಹುದು. ಬಿಡುವ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಉತ್ತರ: ಶಿಕ್ಷಕಿ, ಮಲ್ಲೇಶ್ವರ

ಅಕ್ಕಾ, ಆಣೆಯ ವಿಷಯದಲ್ಲಿ ನಿಮ್ಮ ಅನಿಸಿಕೆಯೇ ಸರಿ. ನಮ್ಮ ದೊಡ್ಡಪ್ಪನಿಂದ ಹೀಗೆಯೇ ಆಣೆ ಮಾಡಿಸಿದ್ದರು. ಆಣೆ ಮುರಿದ ಮೇಲೆ ಅವರು ಸಿಗರೇಟು ಬಿಡಲಿಲ್ಲ, ಮನೆಯವರಿಗೆ ಹೇಳುವುದನ್ನು ಬಿಟ್ಟರು. ಅಂಗಿಯ ಜೇಬಿನಲ್ಲಿ ಏಲಕ್ಕಿ, ಸ್ಕೂಟರಿನ ಡಿಕ್ಕಿಯಲ್ಲಿ ಸೆಂಟು ಬಂತು. ಮಗುವಿನ ತಲೆಯ ಮೇಲೆ ಕೈಯಿಟ್ಟ ಮನುಷ್ಯ ಎಡವಿದರೆ ಮನೆಯಲ್ಲಿ ಯಾರ ಮುಖವನ್ನೂ ನೋಡಲಾರ, ನೆರವನ್ನಂತೂ ಕೇಳಲಾರ. ನಾಳೆ ಮಗಳಿಗೆ ಜ್ವರ ಬಂದರೆ ಆ ಅಪರಾಧವೂ ಅವರ ತಲೆಗೇ. ಹಾಗೆಯೇ ಮಗಳನ್ನು ಕಾವಲಿಗೆ ಹಾಕಬೇಡಿ, ‘ಅಪ್ಪನ ಬಾಯಿ ಮೂಸಿ ನೋಡು’ ಎಂಬ ತಮಾಷೆ ಸಹ ಬೇಡ.

ನಮ್ಮ ತಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಸಿಗರೇಟು ಬಿಟ್ಟರು. ಕೆಲವು ತಿಂಗಳ ಬಳಿಕ ಒಂದು ಮದುವೆ ಛತ್ರದಲ್ಲಿ, ಊಟದ ಪಂಕ್ತಿ ಏಳುವ ಹೊತ್ತಿಗೆ, ಸೋದರಮಾವನ ಮಗ ಕೊಟ್ಟ ಒಂದನ್ನು ಸೇದಿದರು. ನಮ್ಮಣ್ಣ ಕಾರಿನಲ್ಲಿಯೇ ವಿಚಾರಣೆ ಆರಂಭಿಸಿದ. ಅಮ್ಮ ಅವನನ್ನು ಸುಮ್ಮನಾಗಿಸಿ ಅಪ್ಪನನ್ನು ಒಂದೇ ಮಾತು ಕೇಳಿದರು: ‘ಪ್ಯಾಕ್ ತಗೊಂಡ್ರಾ, ಅಥವಾ ಅದೊಂದೇನಾ?’ ಅದೊಂದೇ ಎಂದರು ಅಪ್ಪ. ‘ಹಾಗಾದ್ರೆ ಬಿಟ್ಟೇ ಇದ್ದೀರಿ’ ಎಂದರು ಅಮ್ಮ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಉಪಯುಕ್ತವಾದ ಪ್ರಶ್ನೆ ಅದೇ. ಒಂದು ಸೇದಿದವನು ‘ಹೇಗೂ ಕೆಟ್ಟಿತು’ ಎಂದುಕೊಂಡು ಪ್ಯಾಕ್ ಕೊಳ್ಳುವುದರಿಂದಲೇ ಹಳೆಯ ಚಟ ಮರಳುವುದು, ಆ ಒಂದು ಸಿಗರೇಟಿನಿಂದಲೇ ಅಲ್ಲ. ಎಲ್ಲಿ, ಯಾರ ಜೊತೆ, ಏಕೆ ಸೇದಿದರು ಎಂಬುದನ್ನು ಎರಡು ದಿನ ಬಿಟ್ಟು ಸಮಾಧಾನವಾಗಿ ಕೇಳಿದರೆ ಅವರೇ ಹೇಳುತ್ತಾರೆ. ಮುಂದಿನ ಮದುವೆಗೆ ಏನು ಮಾಡಬೇಕೆಂಬುದೂ ಆಗಲೇ ಹೊಳೆಯುತ್ತದೆ.

ಉತ್ತರ: ನಿವೃತ್ತ ಕಾರ್ಮಿಕ, ಯಶವಂತಪುರ

ತಾಯಿ, ನಾನೂ ಪೀಣ್ಯದಲ್ಲಿಯೇ ದುಡಿದವನು. ನಮ್ಮ ಶಾಪಿನಲ್ಲಿ ಅಯ್ಯಪ್ಪ ಮಾಲೆ ಹಾಕುವವರು ಪ್ರತಿ ವರ್ಷ ಇರುತ್ತಿದ್ದರು. ದಿನಕ್ಕೆ ಎರಡು ಪ್ಯಾಕ್ ಸೇದುವವರು ವ್ರತದ 41 ದಿನ ಒಂದನ್ನೂ ಮುಟ್ಟದೆ, ಶಬರಿಮಲೆಗೆ ಹೋಗಿಬಂದು ಮಾಲೆ ತೆಗೆದ ದಿನವೇ ಮತ್ತೆ ಹಚ್ಚುತ್ತಿದ್ದರು. ಮೈಯ ಕಾಟ ನಾಲ್ಕು ವಾರದೊಳಗೆ ತೀರುತ್ತದೆ ಎಂದು ಮೇಲೆ ಒಬ್ಬರು ಬರೆದದ್ದು ನಿಜವಾದರೆ, ಅವರಿಗೆ ಕಷ್ಟದ ಭಾಗ ಆಗಲೇ ಮುಗಿದಿತ್ತು ಎಂದಾಯಿತು. ಹಿಂದಕ್ಕೆ ಎಳೆದದ್ದು ಟೀ ಬಿಡುವಿನ ಗುಂಪು. ವ್ರತದಲ್ಲಿದ್ದಾಗ ‘ಸ್ವಾಮಿ’ ಎಂದು ಕರೆದು ಯಾರೂ ಸಿಗರೇಟು ನೀಡುತ್ತಿರಲಿಲ್ಲ. ಮಾಲೆ ತೆಗೆದೊಡನೆ ಪ್ಯಾಕ್ ಮುಂದಕ್ಕೆ ಬರುತ್ತಿತ್ತು. ಆದ್ದರಿಂದ ಮನೆಯಲ್ಲಿ ನೀವು ಎಷ್ಟು ಮಾಡಿದರೂ ಕಾರ್ಖಾನೆಯಲ್ಲಿ ಒಬ್ಬರಾದರೂ ಬೇಕು. ಸೇದದ ಒಬ್ಬ ಸಹೋದ್ಯೋಗಿಗೆ ನಿಮ್ಮ ಯಜಮಾನರೇ ವಿಷಯ ಹೇಳಿ, ಟೀ ಹೊತ್ತಿನಲ್ಲಿ ಅವರ ಜೊತೆ ಕ್ಯಾಂಟೀನಿನ ಒಳಗೇ ಕೂರಲಿ. ಸೂಪರ್‌ವೈಸರ್ ಆದ್ದರಿಂದ ಕೈಕೆಳಗಿನವರು ಮುಲಾಜಿಗೆ ಸಿಗರೇಟು ನೀಡುವುದು ಉಂಟು, ಅವರಿಗೂ ಒಂದು ಮಾತು ಹೇಳಿಡಲಿ.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಆಣೆಯ ವಿಷಯವನ್ನು ಅತ್ತೆಯವರಿಗೆ ಓದಿ ಹೇಳಿದೆ, ಒಪ್ಪಿದಂತೆ ಕಾಣುತ್ತದೆ. ನಿಮ್ಹಾನ್ಸಿನಲ್ಲಿ ಇದಕ್ಕೆ ಚಿಕಿತ್ಸೆಯಿದೆ ಎಂದು ಓದಿ ಯಜಮಾನರಿಗೆ ಹೇಳಿದರೆ, ‘ನನಗೇನು ತಲೆ ಕೆಟ್ಟಿದೆಯಾ?’ ಎಂದುಬಿಟ್ಟರು. ‘ಇಷ್ಟು ವರ್ಷ ಸೇದಿಯಾಗಿದೆ, ಈಗ ಬಿಟ್ಟರೆ ಎಷ್ಟು ಲಾಭ?’ ಎಂಬ ಮಾತೂ ನಡುನಡುವೆ ಬರುತ್ತದೆ. ಏನು ಹೇಳಲಿ?

ಉತ್ತರ: ನಿವೃತ್ತ ನರ್ಸ್, ಜಯನಗರ

ನಿಮ್ಹಾನ್ಸ್ ಎಂದರೆ ಬೆಂಗಳೂರಿನಲ್ಲಿ ಹಾಗೆಯೇ ಅನ್ನುತ್ತಾರಮ್ಮ, ಅದಕ್ಕೆ ಬೇಸರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 2002ರಲ್ಲಿ ದೇಶದಲ್ಲಿ ತಂಬಾಕು ಬಿಡಿಸುವ ಕ್ಲಿನಿಕ್‌ಗಳು ಶುರುವಾದಾಗ ಅವುಗಳಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಎರಡೂ ಇದ್ದವು. ಆಸ್ಪತ್ರೆಯ ಮೆಟ್ಟಿಲು ಹತ್ತಲು ಸಂಕೋಚವಾದರೆ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356ಕ್ಕೆ ಕರೆ ಮಾಡಲಿ. ಅದು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಕರೆಗೆ ಹಣವಿಲ್ಲ, ಆಪ್ತಸಲಹೆಗಾರರೊಂದಿಗೆ ಕನ್ನಡದಲ್ಲಿಯೇ ಮಾತನಾಡಬಹುದು.

ಲಾಭದ ಪ್ರಶ್ನೆಗೆ ಉತ್ತರ ಇಷ್ಟು. ಕೊನೆಯ ಸಿಗರೇಟಿನ 20 ನಿಮಿಷಗಳಲ್ಲಿ ಹೃದಯದ ಬಡಿತ ತಗ್ಗತೊಡಗುತ್ತದೆ, 12 ಗಂಟೆಗಳಲ್ಲಿ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಇಳಿಯುತ್ತದೆ, ಒಂದು ವರ್ಷಕ್ಕೆ ಹೃದ್ರೋಗದ ಅಪಾಯ ಸೇದುವವರದಕ್ಕಿಂತ ಸುಮಾರು ಅರ್ಧಕ್ಕೆ ಬರುತ್ತದೆ. 40ರ ಆಸುಪಾಸಿನಲ್ಲಿ ಬಿಟ್ಟವರಿಗೆ, ಬಿಡದೆ ಮುಂದುವರಿದವರಿಗಿಂತ ಸರಾಸರಿ 9 ವರ್ಷಗಳ ಆಯುಷ್ಯ ಹೆಚ್ಚಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಯಜಮಾನರ ವಯಸ್ಸು ಅದೇ ಅಲ್ಲವೇ? ತೂಕ ನಾಲ್ಕೈದು ಕಿಲೋ ಹೆಚ್ಚಬಹುದು, ಅದಕ್ಕೆ ಹೆದರಿ ಆ ಮೊದಲ ತಿಂಗಳುಗಳಲ್ಲಿ ಪಥ್ಯ ಹಿಡಿಸಬೇಡಿ, ಊಟದ ಮೇಲೆ ಇಬ್ಬರೂ ಒಂದು ಸುತ್ತು ನಡೆದು ಬಂದರೆ ಸಾಕು.

ಕ್ವಿಟ್‌ಲೈನಿಗೆ ಕರೆಯನ್ನು ಅವರೇ ಮಾಡಬೇಕು, ನೀವು ಮಾಡಿ ಫೋನನ್ನು ಅವರ ಕೈಗೆ ತುರುಕಬೇಡಿ. ಒಂದನೇ ತಾರೀಖಿಗೆ ಒಂದು ವಾರ ಮುಂಚೆಯೇ ಮಾಡಿದರೆ ಗಮ್ ಎಷ್ಟು ಬೇಕು, ಟೀ ಹೊತ್ತಿಗೆ ಏನು ಮಾಡಬೇಕು ಎಂಬುದನ್ನೆಲ್ಲ ಮಾತನಾಡಿಕೊಳ್ಳಲು ಸಮಯವಿರುತ್ತದೆ.