ಕ್ರೋಟನ್ ಬಣ್ಣ ಹೋಗಿ ಎಲೆ ಉದುರುತ್ತಿವೆ, ಏನು ಮಾಡಬೇಕು?

ಪ್ರಶ್ನೆ, ದಾವಣಗೆರೆ:
ಕಾಂಪೌಂಡ್ ಪಕ್ಕ ಎರೆಮಣ್ಣಲ್ಲಿ ಮೂರು ಕ್ರೋಟನ್ ಇವೆ. ನರ್ಸರಿಯಿಂದ ತಂದಾಗ ಕೆಂಪು, ಹಳದಿ ಇದ್ದವು. ಈಗ ಚಿಗುರು ಬರೀ ಹಸಿರು, ಕೆಳಗಿನ ಎಲೆ ಉದುರುತ್ತಿವೆ. ದಿನಾ ನೀರು ಹಾಕ್ತೀವಿ, ತಿಂಗಳಿಗೊಮ್ಮೆ ಯೂರಿಯಾ. ಮೇಲೆ ಮಾವಿನ ಮರದ ನೆರಳಿದೆ.

ಉತ್ತರ, ದಾವಣಗೆರೆ:
ಮೊದಲು ದಿನದ ನೀರು ನಿಲ್ಲಿಸಿ ಮೇಡಂ. ಎರೆಮಣ್ಣು ಮೇಲೆ ಬಿರುಕು ಬಿಟ್ಟಿದ್ದರೂ ಒಳಗೆ ಹಸಿ ಹಿಡಿದಿರುತ್ತೆ, ಗಾಳಿ ಸಿಗದೆ ಬೇರು ಕೊಳೆಯುತ್ತೆ. ಬೆರಳು ಎರಡು ಇಂಚು ಇಳಿಸಿ ನೋಡಿ, ಒಣಗಿದ್ದರಷ್ಟೇ ನೀರು. ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿದರೂ ಸಾಲದು. ಸುತ್ತ ಎರೆ ಇದ್ದರೆ ಆ ಗುಂಡಿ ಬೋಗುಣಿ ಥರ, ಮಳೆನೀರು ಅಲ್ಲೇ ನಿಲ್ಲುತ್ತೆ. ನೆಲಕ್ಕಿಂತ ಒಂದಡಿ ಎತ್ತರದ ಮಡಿ ಕಟ್ಟಿ: ಕೆಂಪುಮಣ್ಣು ಎರಡು ಪಾಲು, ದಪ್ಪ ಮರಳು ಒಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು. ಜೂನ್–ಜುಲೈನ ಮೋಡದ ದಿನ ಬೇರಿನ ಮಣ್ಣು ಒಡೆಯದಂತೆ ಎತ್ತಿ ಅದರಲ್ಲಿ ನೆಡಿ.

ಉತ್ತರ, ಚಿತ್ರದುರ್ಗ:
ಹಸಿರಿಗೆ ಕಾರಣ ನೆರಳು, ಜೊತೆಗೆ ಯೂರಿಯಾ. ಬೆಳಕು ಕಡಿಮೆ ಆದಷ್ಟೂ ಎಲೆಯಲ್ಲಿ ಹಸಿರೇ ಮೇಲುಗೈ. ಬೆಳಗಿನ ಬಿಸಿಲು ನಾಲ್ಕೈದು ತಾಸು ಬೀಳೋ ಜಾಗ ಬೇಕು. ಹಾಗಂತ ಪಶ್ಚಿಮದ ಸಿಮೆಂಟ್ ಗೋಡೆಗೆ ಅಂಟಿಸಬೇಡಿ, ಏಪ್ರಿಲ್–ಮೇನಲ್ಲಿ ಗೋಡೆಯ ಕಾವಿಗೆ ಎಲೆಯಂಚು ಸುಡುತ್ತೆ. ನೆರಳಿನಿಂದ ಬಿಸಿಲಿಗೆ ಒಮ್ಮೆಲೇ ತಂದರೂ ಎಲೆ ಉದುರುತ್ತೆ. ಎರಡು ವಾರ ನೆರಳಿಗೆ ಹಸಿರು ನೆಟ್ ಕಟ್ಟಿ. ಬಣ್ಣ ಬಂತೋ ಇಲ್ಲವೋ ಹೊಸ ಎಲೆ ಬಲಿತಾಗ ನೋಡಿ, ಹಳೇದರ ಮೇಲೆ ಆಸೆ ಬೇಡ.

ಎಲೆ ಪೂರ್ತಿ ಉದುರಿದರೂ ಗಿಡ ಕೀಳಬೇಡಿ. ಕಾಂಡ ಉಗುರಿಂದ ಕೆರೆದಾಗ ಒಳಗೆ ಹಸಿರಿದ್ದರೆ ಮತ್ತೆ ಚಿಗುರುತ್ತೆ.

ಉತ್ತರ, ಹರಿಹರ:
ಬೇಸಿಗೆಯಲ್ಲಿ ಎಲೆಯಡಿ ನೋಡೋದು ಮರೀಬೇಡಿ. ಸಣ್ಣ ಬಲೆ, ಮೇಲೆ ಮಾಸಲು ಚುಕ್ಕೆ ಇದ್ದರೆ ಅದು ಮೈಟ್ ನುಸಿ, ಒಣಹವೆಯಲ್ಲಿ ಜಾಸ್ತಿ. ಪೈಪಿನ ನೀರು ಜೋರಾಗಿ ಎಲೆಯಡಿ ಹೊಡೆಯಿರಿ. ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, 1 ಎಂಎಲ್ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ, ವಾರಕ್ಕೊಮ್ಮೆ ಮೂರು ಸಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ.

ಉತ್ತರ, ಚಿತ್ರದುರ್ಗ:
ಗಿಡ ಉದ್ದುದ್ದ ಹೋಗಿದ್ದರೆ ಮಳೆಗಾಲದ ಶುರುವಲ್ಲಿ ಮೂರನೇ ಒಂದು ಭಾಗ ಕತ್ತರಿಸಿ, ಪಕ್ಕದಿಂದ ಕವಲೊಡೆದು ತುಂಬಿಕೊಳ್ಳುತ್ತೆ. ಕೈಗವಸು ಹಾಕ್ಕೊಳ್ಳಿ: ಕತ್ತರಿಸಿದಲ್ಲಿ ಒಸರೋ ಹಾಲು ಚರ್ಮಕ್ಕೆ ತಾಗಿದರೆ ಉರಿ, ಬಟ್ಟೆಗೆ ಬಿದ್ದರೆ ಕಲೆ ಹೋಗಲ್ಲ. ಕತ್ತರಿಸಿದ ತುದಿಗಳನ್ನ ಆಡು, ದನ ತಿನ್ನೋ ಕಡೆ ಎಸೀಬೇಡಿ. ಹೊಸ ಗಿಡ ಬೇಕಿದ್ದರೆ ಆ ತುದಿಗಳಲ್ಲಿ ಆರು ಇಂಚಿನವನ್ನ ಆಯ್ದು, ಹಾಲು ನಿಲ್ಲೋವರೆಗೆ ನೀರಲ್ಲಿಟ್ಟು, ಮೇಲಿನ ಮೂರ್ನಾಲ್ಕು ಎಲೆ ಉಳಿಸಿ ಮರಳು–ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣದಲ್ಲಿ ನೆರಳಿಗೆ ನೆಡಿ.