ಪದಚರ್ಚೆ: ವಿನೈಲ್ ಕೀಳುವುದೋ, ಸುಲಿಯುವುದೋ, ಬಿಡಿಸುವುದೋ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಹೊಲಿಗೆ ಕಲಿಯುವವರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದು ತಯಾರಾಗುತ್ತಿದೆ. ಟೀ ಶರ್ಟು, ಜೆರ್ಸಿಗಳ ಮೇಲೆ ಹೀಟ್ ಪ್ರೆಸ್ಸಿನಲ್ಲಿ (ಕಾಯಿಸಿ ಒತ್ತುವ ಯಂತ್ರ) ಅಂಟಿಸಿದ ವಿನೈಲ್, ಅಂದರೆ ತೆಳು ಪ್ಲಾಸ್ಟಿಕ್ ಹಾಳೆಯ ಹೆಸರು, ನಂಬರು, ಚಿತ್ರಗಳನ್ನು ಬಟ್ಟೆ ಕೆಡದಂತೆ ತೆಗೆಯುವುದು ಹೇಗೆ ಎಂಬುದು ವಿಷಯ. ಕಬಡ್ಡಿ ತಂಡದಲ್ಲಿ ಆಟಗಾರ ಬದಲಾದರೆ ಜೆರ್ಸಿಯ ಹೆಸರು ಹೋಗಬೇಕು. ಕಾಗುಣಿತ ತಪ್ಪಿದ್ದರೆ ಆ ಒಂದು ಅಕ್ಷರ ಮಾತ್ರ ಹೋಗಬೇಕು.

ಕೆಲಸ ಗೊತ್ತಿದೆ, ತೊಡಕಾಗಿರುವುದು ಮಾತು. ಕರಡಿನಲ್ಲಿ ಎಲ್ಲ ಹಂತಕ್ಕೂ ‘ತೆಗೆಯಿರಿ’, ‘ತೆಗೆದುಹಾಕಿ’ ಎಂದೇ ಬಂದಿದೆ. ‘ಹಾಳೆ ತೆಗೆಯಿರಿ, ಚಿತ್ರ ತೆಗೆಯಿರಿ, ಅಂಟು ತೆಗೆಯಿರಿ, ಕಲೆ ತೆಗೆಯಿರಿ.’ ಓದಿದವರು ಮೂರನೆಯ ಹಂತದಲ್ಲಿ ಮಾಡಬೇಕಾದದ್ದನ್ನು ಎರಡನೆಯದರಲ್ಲೇ ಮಾಡಿ ಬಟ್ಟೆ ಹರಿಯುತ್ತಿದ್ದಾರೆ. ಅಂಗಡಿಗಳಲ್ಲಿ ‘ಕೀಳೋದು’ ಅನ್ನುತ್ತಾರೆ, ಆ ಮಾತನ್ನು ಬರೆದರೆ ಸರಿಯೇ? ಇನ್ನೊಂದು, ಈ ಹಾಳೆಗೆ ಕೆಲವು ಕಡೆ ‘ಉಷ್ಣ ವರ್ಗಾವಣೆ ವಿನೈಲ್’ ಎಂದು ಬರೆದಿದ್ದಾರೆ. ಅದನ್ನೇ ಉಳಿಸಿಕೊಳ್ಳಬಹುದೇ?

ಉತ್ತರ (ಚಿಕ್ಕಮಗಳೂರಿನಿಂದ)

ಮೊದಲು ಎರಡನೆಯ ಪ್ರಶ್ನೆ. ‘ಉಷ್ಣ ವರ್ಗಾವಣೆ’ ಬೇಡ. ಅದು ಭೌತಶಾಸ್ತ್ರದ ಪದ. ಬಿಸಿ ಪಾತ್ರೆಯಿಂದ ನೀರಿಗೆ ಶಾಖ ಹೋಗುವುದಕ್ಕೆ ಅದು ಸರಿ. ಇಲ್ಲಿ ವರ್ಗವಾಗುವುದು ಶಾಖವಲ್ಲ, ಚಿತ್ರ. ಶಾಖ ಅದಕ್ಕೆ ಸಾಧನ ಅಷ್ಟೆ. ಹಾಳೆಯ ಬೆನ್ನಿಗೆ ಕಾವಿಗೆ ಮೆತ್ತಗಾಗುವ ಅಂಟು ಬಳಿದಿರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ಹದಿನೈದು ಸೆಕೆಂಡ್ ಒತ್ತಿದಾಗ ಆ ಅಂಟು ನೂಲಿನ ಎಳೆಗಳೊಳಗೆ ಇಳಿದು, ತಣ್ಣಗಾದಾಗ ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಎಲ್ಲರೂ ‘ವಿನೈಲ್’ ಅಥವಾ ‘ಸ್ಟಿಕ್ಕರ್’ ಅನ್ನುತ್ತಾರೆ, ಹಾಗೇ ಬರೆಯಿರಿ. ಕನ್ನಡದ್ದೇ ಬೇಕೆಂದರೆ ‘ಬಿಸಿಯಂಟು ಹಾಳೆ’ ಅನ್ನಬಹುದು. ಕಾವಿಗೆ ಅಂಟಿದ್ದು ಕಾವಿಗೇ ಬಿಡುತ್ತದೆ ಎಂಬ ಅರ್ಧ ಪಾಠ ಆ ಹೆಸರಿನಲ್ಲೇ ಸಿಗುತ್ತದೆ.

ಇನ್ನು ಕ್ರಿಯಾಪದಗಳು. ಇದು ಬರೀ ಅಂದಚಂದದ ವಿಷಯವಲ್ಲ. ನೀವು ಹೇಳಿದಂತೆ ಬಟ್ಟೆ ಹರಿಯುತ್ತಿರುವುದು ಕ್ರಿಯಾಪದ ತಪ್ಪಿದ್ದರಿಂದಲೇ.

‘ಕೀಳು’ ಅಂದರೆ ಬೇರು ಸಮೇತ ಎಳೆಯುವುದು: ಹಲ್ಲು ಕೀಳು, ಮೊಳೆ ಕೀಳು, ಕಳೆ ಕೀಳು. ಅದರಲ್ಲಿ ಬಲ ಇದೆ. ಈ ಕಸುಬಿನಲ್ಲಿ ಅದಕ್ಕೆ ಹೊಂದುವ ಜಾಗವೂ ಒಂದಿದೆ. ಯಂತ್ರ ಹಾಳೆಯಲ್ಲಿ ಅಕ್ಷರ ಕತ್ತರಿಸಿದ ಮೇಲೆ, ಒತ್ತುವುದಕ್ಕೆ ಮುಂಚೆ, ‘ಅ’ದ ಹೊಟ್ಟೆಯೊಳಗಿನ ಚೂರು, ಅಕ್ಷರಗಳ ನಡುವಿನ ಚೂರುಗಳನ್ನು ಕೊಕ್ಕೆಮೊನೆಯಿಂದ ಎತ್ತಿ ಎಸೆಯುತ್ತಾರಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ ‘ವೀಡಿಂಗ್’ ಅಂತಲೇ ಹೆಸರು. ಕಾಫಿ ತೋಟದವರಿಗೆ ಬಿಡಿಸಿ ಹೇಳಬೇಕಿಲ್ಲ, ಅದು ಕಳೆ ತೆಗೆಯುವುದು. ‘ಕಳೆ ಕೀಳು’ ಅಲ್ಲಿಗಿರಲಿ. ಬಟ್ಟೆಗೆ ಅಂಟಿದ ಚಿತ್ರಕ್ಕೆ ಅದೇ ಮಾತು ಹೇಳಿದರೆ ಕಲಿಯುವವರು ಉಗುರಿಗೆ ಬಲ ಹಾಕಿ ಎಳೆಯುತ್ತಾರೆ. ಆಗ ಅಂಟಿನ ಜೊತೆ ಹತ್ತಿಯ ಎಳೆಗಳೂ ಎದ್ದು ಬರುತ್ತವೆ. ಹೆಣಿಗೆ ಬಟ್ಟೆಯಾದರೆ ತೂತು ಬೀಳುತ್ತದೆ.

‘ಸುಲಿ’ ಅಂದರೆ ಮೇಲಿನದನ್ನು ಒಳಗಿನದರಿಂದ ಬೇರೆ ಮಾಡುವುದು: ಬಾಳೆಹಣ್ಣು, ಅಡಿಕೆ, ತೆಂಗಿನಕಾಯಿ. ವಿನೈಲಿನ ಮೇಲಿರುವ ಪಾರದರ್ಶಕ ರಕ್ಷಣಾ ಹಾಳೆಗೆ ಈ ಮಾತು ಸರಿಯಾಗಿ ಕೂರುತ್ತದೆ. ಕೆಲವನ್ನು ಬಿಸಿಯಲ್ಲೇ ಸುಲಿಯಬೇಕು, ಕೆಲವನ್ನು ತಣ್ಣಗಾದ ಮೇಲೆ. ಅದು ಆಯಾ ವಿನೈಲಿನ ಸೂಚನೆಯಲ್ಲಿರುತ್ತದೆ.

ನಿಮ್ಮ ಕೈಪಿಡಿಯ ನಡುಗಂಬ ಆಗಬೇಕಾದ ಮಾತು ‘ಬಿಡಿಸು’. ಹೂ ಬಿಡಿಸು, ಗಂಟು ಬಿಡಿಸು, ಹಲಸಿನ ತೊಳೆ ಬಿಡಿಸು. ಹಿಡಿತ ಸಡಿಲವಾಗುವಂತೆ ಮಾಡಿ ಬೇರೆ ಮಾಡುವುದು ಅದರ ಅರ್ಥ. ಹಾಸನದವರಿಗೆ ಹಿದುಕಿದ ಬೇಳೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಒಣಗಿದಂತಿದ್ದಾಗ ಅವರೆಕಾಳಿನ ಸಿಪ್ಪೆಗೆ ಉಗುರು ಹಾಕಿದರೆ ಬೇಳೆ ಮುರಿಯುತ್ತದೆ. ನೆನೆಹಾಕಿದರೆ ಸಿಪ್ಪೆ ಉಬ್ಬಿ ಸಡಿಲವಾಗಿ, ಎರಡು ಬೆರಳಲ್ಲಿ ಒತ್ತಿದ ಕೂಡಲೇ ಬೇಳೆ ಜಾರಿ ಬರುತ್ತದೆ. ವಿನೈಲಿನಲ್ಲಿಯೂ ಕ್ರಮ ಹೀಗೇ, ಮೊದಲು ಸಡಿಲ, ಆಮೇಲೆ ಬೇರೆ.

ಹತ್ತಿ ಬಟ್ಟೆಯಲ್ಲಿ ಕಾವಿನಿಂದ ಬಿಡಿಸಬಹುದು. ಅಂಗಿಯನ್ನು ಒಳಮುಖ ತಿರುಗಿಸಿ, ಎರಡು ಪದರದ ನಡುವೆ ರಟ್ಟು ಇಟ್ಟು, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿ. ರಟ್ಟಿಲ್ಲದಿದ್ದರೆ ಮೆತ್ತಗಾದ ಅಂಟು ಇನ್ನೊಂದು ಪದರಕ್ಕೆ ಹಿಡಿಯುತ್ತದೆ. ಬಟ್ಟೆಯ ಹಿಂಬದಿಯಿಂದ ಇಸ್ತ್ರಿಯನ್ನು ಹತ್ತಿ ಗುರುತಿಗಿಟ್ಟು ಹತ್ತರಿಂದ ಹದಿನೈದು ಸೆಕೆಂಡ್ ಒತ್ತಿ. ವಿನೈಲ್ ಮೇಲೆ ನೇರವಾಗಿ ಇಸ್ತ್ರಿ ಇಡಬಾರದು, ತಳಕ್ಕೆ ಅಂಟಿಕೊಂಡು ಮುಂದಿನ ಬಟ್ಟೆಯನ್ನೂ ಕೆಡಿಸುತ್ತದೆ. ಕೂಡಲೇ ಚಿಮಟದಿಂದ ಒಂದು ಮೂಲೆಯನ್ನು ‘ಎಬ್ಬಿಸಿ’. ಎದ್ದ ತುದಿಯನ್ನು ಮೇಲಕ್ಕೆ ಎತ್ತದೆ, ಅದರ ಬೆನ್ನ ಮೇಲೇ ಮಡಿಸಿದಂತೆ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ಬಿಗಿಯಾದ ಕೂಡಲೇ ನಿಲ್ಲಿಸಿ ಮತ್ತೆ ಕಾಯಿಸಿ. ಅರ್ಧ ತಣ್ಣಗಾದ ವಿನೈಲನ್ನು ಎಳೆದಾಗಲೇ ಅದು ತುಂಡು ತುಂಡಾಗುವುದು. ಮಿನುಗು ವಿನೈಲ್, ವೆಲ್ವೆಟ್‌ನಂಥ ಮೈಯ ವಿನೈಲ್ ಇನ್ನೂ ಹೆಚ್ಚು ಸತಾಯಿಸುತ್ತವೆ.

ಜೆರ್ಸಿಗಳು ಬಹುತೇಕ ಪಾಲಿಯೆಸ್ಟರ್. ಅದು ಕರಗುವುದು ಸುಮಾರು 250–260 ಡಿಗ್ರಿಗೆ. ಆದರೆ ಹೊಳಪು ಬೀಳುವುದು, ಗಾಢ ಬಣ್ಣ ಪಕ್ಕಕ್ಕೆ ಹಾಯುವುದು ಅದಕ್ಕಿಂತ ಬಹಳ ಮೊದಲೇ. ಅಲ್ಲಿ ದ್ರಾವಕವೇ (ಅಂಟನ್ನು ಸಡಿಲಿಸುವ ದ್ರವ) ಮೇಲು. ವಿನೈಲ್ ಬಿಡಿಸಲೆಂದೇ ಮಾರುವ ದ್ರಾವಕ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಅಸಿಟೋನ್. ಅದನ್ನು ಬಟ್ಟೆಯ ಹಿಂಬದಿಯಿಂದಲೇ ಹನಿಸಬೇಕು. ಮೇಲಿನ ಪ್ಲಾಸ್ಟಿಕ್ ಪದರ ದ್ರಾವಕವನ್ನು ತಡೆಯುತ್ತದೆ, ಅಂಟು ಇರುವುದು ಅದರ ಕೆಳಗೆ. ಅರ್ಧ ನಿಮಿಷ ಬಿಟ್ಟು, ಬಟ್ಟೆಯನ್ನು ಎರಡೂ ಕಡೆಗೆ ಮೆಲ್ಲಗೆ ಹಿಗ್ಗಿಸಿದರೆ ಅಂಚು ತಾನಾಗಿ ಏಳುತ್ತದೆ. ಅದಕ್ಕೂ ಮೊದಲು ಒಳಮಡಿಕೆಯ ಮೇಲೆ ಒಂದು ಹನಿ ಹಾಕಿ, ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಮುಂದುವರಿಯಬೇಡಿ. ಅಸಿಟೇಟ್ ಬಟ್ಟೆಗೆ ಅಸಿಟೋನ್ ಮುಟ್ಟಿಸಲೇಬಾರದು, ಬಟ್ಟೆಯೇ ಕರಗುತ್ತದೆ. ಲೈನಿಂಗ್ ಬಟ್ಟೆಗಳಲ್ಲಿ ಅಸಿಟೇಟ್ ಬರುವುದುಂಟು, ಹಾಗಾಗಿ ಲೇಬಲ್ ನೋಡಿ. ಉಗುರುಬಣ್ಣ ತೆಗೆಯುವ ದ್ರವಗಳೆಲ್ಲದರಲ್ಲೂ ಅಸಿಟೋನ್ ಇರುವುದಿಲ್ಲ ಎಂಬುದನ್ನೂ ಬರೆಯಿರಿ.

ಬಿಡಿಸಿದ ಮೇಲೆ ಉಳಿಯುವುದಕ್ಕೆ ‘ಕಲೆ’ ಅನ್ನಬೇಡಿ. ಉಳಿಯುವುದು ಮೂರು ಬಗೆ, ಮೂರಕ್ಕೂ ದಾರಿ ಬೇರೆ. ಬೆರಳಿಗೆ ಹಿಡಿದರೆ ಅದು ‘ಜಿಗುಟು’. ಹಲಸಿನ ಮೇಣ ಇದ್ದ ಹಾಗೆ, ಬರೀ ನೀರಿಗೆ ಜಗ್ಗುವುದಿಲ್ಲ. ಕೆಳಗೆ ದಪ್ಪ ಬಟ್ಟೆ ಹಾಸಿ, ದ್ರಾವಕದಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಒತ್ತಿ ಎತ್ತಬೇಕು. ಉಜ್ಜಿದರೆ ಹರಡಿ, ಆಮೇಲೆ ಧೂಳು ಹಿಡಿದು ಕಪ್ಪಾಗುತ್ತದೆ. ಬೆರಳಿಗೆ ಏನೂ ಹತ್ತದೆ, ಓರೆಯಾಗಿ ಹಿಡಿದಾಗ ಮಿರುಗಿದರೆ ಅದು ‘ಒತ್ತು’, ಅಂದರೆ ಪ್ರೆಸ್ಸಿನಡಿ ಎಳೆಗಳು ಚಪ್ಪಟೆಯಾದ ಗುರುತು. ಒದ್ದೆ ಬಟ್ಟೆ ಮೇಲೆ ಹಾಕಿ ಹಬೆ ಕೊಟ್ಟು, ಮೆತ್ತನೆ ಬ್ರಷ್ ಆಡಿಸಿದರೆ ಬಹಳಷ್ಟು ಏಳುತ್ತದೆ. ಜಿಗುಟೂ ಇಲ್ಲ, ಮಿರುಗೂ ಇಲ್ಲ, ಅಕ್ಷರದ ಆಕಾರ ಮಾತ್ರ ಗಾಢವಾಗಿ ಕಾಣುತ್ತಿದ್ದರೆ ಅದಕ್ಕೆ ‘ನೆರಳು’ ಎನ್ನುವುದು ಚೆಂದ. ಸುತ್ತಲಿನ ಬಟ್ಟೆ ಬಿಸಿಲು, ಒಗೆತಕ್ಕೆ ಬಣ್ಣ ಕಳೆದುಕೊಂಡಿದೆ, ವಿನೈಲ್ ಅಡಿಯದ್ದು ಉಳಿದಿದೆ. ಅದಕ್ಕೆ ಮದ್ದಿಲ್ಲ. ಅದೇ ಅಳತೆಯ ಹೊಸ ಅಕ್ಷರ ಅದರ ಮೇಲೆ ಕೂರಿಸುವುದೊಂದೇ ದಾರಿ. ಇದನ್ನು ಗಿರಾಕಿಗೆ ಕೆಲಸ ಹಿಡಿಯುವ ಮೊದಲೇ ಹೇಳಬೇಕು.

ಮರುಪ್ರಶ್ನೆ (ಹಾಸನದಿಂದ)

ತುಂಬ ಉಪಕಾರವಾಯಿತು ಸಾರ್. ಇನ್ನೊಂದೇ ಒಂದು. ಕರಡಿನಲ್ಲಿ ದ್ರಾವಕದ ಹಂತ ಮುಗಿದ ಮೇಲೆ ‘ಆರಿದ ಮೇಲೆ ಮತ್ತೆ ಇಸ್ತ್ರಿ ಮಾಡಿ’ ಎಂದು ಒಂದು ಕಡೆ ಬರೆದಿದೆ. ಇದು ಸರಿಯಿದೆಯೇ? ಗಿರಾಕಿಗಳು ‘ಪ್ರಿಂಟ್ ಬಿಡ್ತಾ ಇದೆ’ ಅನ್ನುವುದಕ್ಕೂ ನಮ್ಮ ‘ಬಿಡಿಸು’ಗೂ ಗೊಂದಲ ಆಗುವುದಿಲ್ಲವೇ?

ಉತ್ತರ (ಚಿಕ್ಕಮಗಳೂರಿನಿಂದ)

ಗೊಂದಲವಿಲ್ಲ. ತಾನಾಗಿ ಆದರೆ ‘ಬಿಡು’, ನಾವು ಮಾಡಿದರೆ ‘ಬಿಡಿಸು’. ‘ಅಂಚು ಎದ್ದಿದೆ’, ‘ಅಂಚು ಎಬ್ಬಿಸಿ’ ಕೂಡ ಹಾಗೇ. ‘ಬಣ್ಣ ಬಿಡುತ್ತೆ’ ಮಾತ್ರ ಬೇರೆ ದೂರು, ಅದನ್ನು ‘ಪ್ರಿಂಟ್ ಬಿಡುತ್ತೆ’ಯ ಪಕ್ಕದಲ್ಲಿ ಬರೆಯಬೇಡಿ.

‘ಆರಿದ ಮೇಲೆ’ಯನ್ನು ಮಾತ್ರ ಇವತ್ತೇ ತಿದ್ದಿ. ಕನ್ನಡದಲ್ಲಿ ಕಾಫಿಯೂ ಆರುತ್ತದೆ, ಬಟ್ಟೆಯೂ ಆರುತ್ತದೆ. ಒಂದು ತಣಿಯುವುದು, ಇನ್ನೊಂದು ಒಣಗುವುದು. ಅಸಿಟೋನ್ ಹಾಕಿದ ಬಟ್ಟೆ ಮುಟ್ಟಿದರೆ ಹೇಗೂ ತಣ್ಣಗಿರುತ್ತದೆ. ‘ಆರಿದೆ’ ಅಂದುಕೊಂಡು ಹಸಿಯಲ್ಲೇ ಇಸ್ತ್ರಿ ಇಟ್ಟರೆ ಅದರ ಆವಿಗೆ ಬೆಂಕಿ ಹತ್ತಬಹುದು. ಮಳೆಗಾಲದಲ್ಲಿ ಕಿಟಕಿ ಮುಚ್ಚಿಟ್ಟು ಕೆಲಸ ಮಾಡುವ ಮಲೆನಾಡಿನ ಅಂಗಡಿಗಳಲ್ಲಿ ಅಪಾಯ ಇನ್ನೂ ಹೆಚ್ಚು, ಆವಿ ಒಳಗೇ ನಿಲ್ಲುತ್ತದೆ. ಆ ಸಾಲನ್ನು ಹೀಗೆ ಬರೆಯಿರಿ:

‘ದ್ರಾವಕ ಹಾಕುವ ಮೊದಲು ಇಸ್ತ್ರಿಯ ಪ್ಲಗ್ ಕಿತ್ತು ದೂರ ಇಡಿ, ಕಿಟಕಿ ತೆರೆಯಿರಿ. ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಗಾಳಿಗೆ ಹರವಿ. ವಾಸನೆ ಪೂರ್ತಿ ಹೋದ ಮೇಲೆ ಸೋಪಿನ ನೀರಲ್ಲಿ ಒಗೆದು, ಚೆನ್ನಾಗಿ ಒಣಗಿಸಿ, ನಂತರವೇ ಇಸ್ತ್ರಿ ಮುಟ್ಟಿಸಿ.’